ಬಳಗ ಕಟ್ಟಲು ಹೊರಟ ಅಣ್ಣ

ನಕ್ಕರೆ ಅಣ್ಣನ ಹಲ್ಲೇ ಮೊದಲು ಕಾಣುತ್ತಿತ್ತು. ತುದಿಯಲ್ಲಿ ಬಿಳುಪು, ಬುಡದಲ್ಲಿ ಕಂದು. ಬೋರಿನ ನೀರು ಕುಡಿದು ಬೆಳೆದವರ ಹಲ್ಲು. ನಮ್ಮ ಸೀಮೆಯಲ್ಲಿ ಅಂಥವರು ಬೇಕಾದಷ್ಟು ಜನ. ಕಾಲೇಜು ಸೇರಿದ ಮೇಲೆ ತುಟಿ ಬಿಗಿಹಿಡಿದು ನಗುವುದನ್ನು ಕಲಿತುಬಿಡುತ್ತಿದ್ದೆವು. ಅಣ್ಣ ಮಾತ್ರ ಬಾಯ್ತುಂಬ ನಗುತ್ತಿದ್ದ. "ಹಿರಿಯೂರು ಸೀಮೆ ನೀರು ಕಣ್ರಲೇ, ಮುಚ್ಕಂಡ್ರೆ ಬೆಳ್ಳಗಾಗ್ತಾವೇನು?" ಎನ್ನುತ್ತಿದ್ದ.

ಒಡಹುಟ್ಟಿದ ಅಣ್ಣನಲ್ಲ. ತೊಂಬತ್ತರ ದಶಕದಲ್ಲಿ ನಾನು ಚಿತ್ರದುರ್ಗದ ಕಾಲೇಜಿಗೆ ಬಂದಾಗ ಅವನು ಬಿ.ಎ. ಕೊನೆಯ ವರ್ಷದಲ್ಲಿದ್ದ. ಸರ್ಕಾರಿ ಹಾಸ್ಟೆಲಿನವನು ಎಂದರೆ ಸಾಕು, ಯಾವ ಜನ ಎಂದು ಊರಿಗೆಲ್ಲ ಅರ್ಥವಾಗುತ್ತಿತ್ತು. ದುರ್ಗದಲ್ಲಿ ಜಾತಿಗೊಂದು ಹಾಸ್ಟೆಲ್. ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ತೊಡೆಗೆ ತೊಡೆ ತಾಗಿಸಿ ಕೂತವರು ಊಟದ ಹೊತ್ತಿಗೆ ದಿಕ್ಕಿಗೊಬ್ಬರಂತೆ ನಡೆದುಬಿಡುತ್ತಿದ್ದೆವು. ನಾನಿದ್ದದ್ದು ನಮ್ಮ ಜನಾಂಗದ ಉಚಿತ ಹಾಸ್ಟೆಲಿನಲ್ಲಿ. ಊರಿಗೇ ದೊಡ್ಡ ಹಾಸ್ಟೆಲ್ ಅದು. ಅಪ್ಪ ಭರಮಸಾಗರದ ಕಿರಾಣಿ ಅಂಗಡಿಯೊಂದರಲ್ಲಿ ಸಾಮಾನು ತೂಗಿ ಕಟ್ಟಿಕೊಡುತ್ತಿದ್ದ. ಆ ಹಾಸ್ಟೆಲ್ ಸೀಟು ಹೋಯಿತೆಂದರೆ ನನ್ನ ಓದೂ ಹೋಯಿತು. ಅಪ್ಪನ ಪಕ್ಕದಲ್ಲಿ ಪೊಟ್ಟಣ ಕಟ್ಟುವುದೇ ಗತಿ.

ದಾವಣಗೆರೆಯಲ್ಲಿ ಆಗ ಕಾಲೇಜು ಹುಡುಗರದೊಂದು ಗೆಳೆಯರ ಬಳಗವಿತ್ತು. ಅದರ ಶಾಖೆಯನ್ನು ನಮ್ಮ ಕಾಲೇಜಿನಲ್ಲಿ ತೆರೆಯಬೇಕೆಂದು ಅಣ್ಣನಿಗೆ ಹುಚ್ಚು ಹಿಡಿದಿತ್ತು. ಆ ಬಳಗಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಹಾರ ತುರಾಯಿ ಯಾವುದೂ ಇಲ್ಲ. ಊರಿನ ಪ್ರತಿ ಹಾಸ್ಟೆಲಿನಿಂದ ಒಬ್ಬೊಬ್ಬನಾದರೂ ಬರಬೇಕು. ತನ್ನ ಹಾಸ್ಟೆಲಿನ ಸಾರು ತರಬೇಕು. ಎಲ್ಲರ ಸಾರನ್ನೂ ಒಂದೇ ಪಾತ್ರೆಗೆ ಸುರಿದು ಎಲ್ಲರೂ ಅದನ್ನೇ ಉಣ್ಣಬೇಕು. ಅವತ್ತಿನಿಂದ ಶಾಖೆ ಶುರುವಾದ ಲೆಕ್ಕ.

"ಅಣ್ಣ, ಎಲ್ಲಾ ಹಾಸ್ಟೆಲ್ ಸಾರೂ ನೀರೇ. ಬೆರೆಸಿದ್ರೆ ಕೆರೆ ಆಗ್ತೈತೆ," ಎಂದು ನಾನು ಗೇಲಿ ಮಾಡಿದ್ದೆ.

"ಆಗ್ಲಿ ಬಿಡೋ. ಈಜಾಣ," ಎಂದ.

ಆದರೆ ಮೊದಲ ಹೆಜ್ಜೆಯಲ್ಲೇ ಎಡವಿದ. ದೊಡ್ಡವರ ಆಶೀರ್ವಾದವಿಲ್ಲದೆ ಏನನ್ನೂ ಶುರು ಮಾಡಬಾರದೆಂದು ಬೆಳೆದವನು ತಾನೇ! ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಾಳೆಹಣ್ಣು ಹಿಡಿದು, ಒಂದೊಂದೇ ಹಾಸ್ಟೆಲಿನ ವಾರ್ಡನ್ನರ ಮುಂದೆ ಕೈಮುಗಿದು ನಿಂತ. ಹೇಳದೆ ಮಾಡಿದ್ದರೆ ಒಂದು ಭಾನುವಾರದ ಮಟ್ಟಿಗಾದರೂ ನಡೆದುಹೋಗುತ್ತಿತ್ತೇನೋ. ಎಲ್ಲರೂ ಬಾಳೆಹಣ್ಣು ಇಸಿದುಕೊಂಡರು, "ಭಾಳ ಒಳ್ಳೇದಪ್ಪ" ಎಂದರು, ಅವನು ಗೇಟು ದಾಟುತ್ತಲೇ ಹುಡುಗರನ್ನು ಕರೆದು ಕಿವಿ ಹಿಂಡಿದರು.

ನಮ್ಮ ವಾರ್ಡನ್ನರು ಕೂಗಾಡುವವರಲ್ಲ. ಎಲೆಗೆ ಸುಣ್ಣ ಸವರುತ್ತ ನನಗೆ ಹೇಳಿದ್ದು ಇಷ್ಟೇ: "ಅಲ್ಲಿ ಉಣ್ಣಂಗಿದ್ರೆ ಉಣ್ಣಪ್ಪ, ಯಾರು ಬ್ಯಾಡ ಅಂದ್ರು? ಹಂಗೇ ಹಾಸಿಗೆ ಸುತ್ಕಂಡು ಹೋಗಿಬಿಡು."

ಉಳಿದ ಹಾಸ್ಟೆಲಿನ ಹುಡುಗರು ಜಾಣರು. "ದೊಡ್ಡ ಹಾಸ್ಟೆಲಿಂದ ಒಬ್ಬ ಬರ್ಲಿ, ನಾವೂ ಬರ್ತೀವಿ," ಎಂದು ಅಣ್ಣನಿಗೆ ಹೇಳಿ ಸುಮ್ಮನಾದರು. ನಮ್ಮ ಹಾಸ್ಟೆಲಿನಲ್ಲಿ ಅವನೊಂದಿಗೆ ಸಲಿಗೆ ಇದ್ದದ್ದು ನನಗೊಬ್ಬನಿಗೆ. ಹೀಗೆ ಎಲ್ಲವೂ ನನ್ನ ಕೊರಳಿಗೇ ಬಂತು. ಅಣ್ಣ ಒಮ್ಮೆಯೂ ಒತ್ತಾಯ ಮಾಡಲಿಲ್ಲ. ಸಿಕ್ಕಾಗ "ಉಂಡ್ಯೇನೋ ತಮ್ಮ?" ಎನ್ನುತ್ತಿದ್ದ, ಅಷ್ಟೇ. ಅದೇ ನನಗೆ ಹೆಚ್ಚು ಹಿಂಸೆಯಾಗುತ್ತಿತ್ತು. ಬೈದಿದ್ದರೆ ಬೈಸಿಕೊಂಡು ತಪ್ಪಿಸಿಕೊಳ್ಳಬಹುದಿತ್ತು. ಆ ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ. ಕಡೆಗೆ, ಆಗಿದ್ದಾಗಲಿ, ಹೋಗುವುದೇ ಸೈ ಎಂದು ತೀರ್ಮಾನಿಸಿದೆ.

ಅಣ್ಣ ಗೊತ್ತುಮಾಡಿದ್ದ ಭಾನುವಾರ ಮಧ್ಯಾಹ್ನ ಡಬ್ಬಿಯಲ್ಲಿ ಬೇಳೆಸಾರು ಹಿಡಿದು ಕೋಟೆಯ ಕೆಳಗಿನ ಬಂಡೆಗೆ ಹೋದೆ. ಅಣ್ಣ ಅಲ್ಯೂಮಿನಿಯಂ ಪಾತ್ರೆಯೊಂದನ್ನು ಮುಂದಿಟ್ಟುಕೊಂಡು ಕೂತಿದ್ದ. ತನ್ನ ಹಾಸ್ಟೆಲಿನ ಸಾರನ್ನು ಆಗಲೇ ಸುರಿದಿದ್ದ. ಬೇರೆ ಹಾಸ್ಟೆಲುಗಳ ಹುಡುಗರು ದೂರದ ಹುಣಸೆಮರದ ಕೆಳಗೆ ಡಬ್ಬಿ ಹಿಡಿದು, ನಾನೇನು ಮಾಡುತ್ತೇನೆಂದು ನೋಡುತ್ತ ನಿಂತಿದ್ದರು.

ನನ್ನನ್ನು ಕಂಡು ಅಣ್ಣ ಎದ್ದೇ ನಿಂತ. ಮುಖವೆಲ್ಲ ಅರಳಿತ್ತು. ಆಮೇಲೆ ಕೇಳಿದ: "ನಿಮ್ ವಾರ್ಡನ್ ಏನಂದ್ರು?"

"ಏನೂ ಅನ್ಲಿಲ್ಲ."

"ಸುಳ್ಳು ಹೇಳ್ಬ್ಯಾಡ."

ನಾನು ನೆಲ ನೋಡಿದೆ. "ಹಾಸಿಗೆ ಸುತ್ಕಂಡು ಹೋಗು ಅಂದ್ರು."

ನಾನು ತೆಗೆದಿದ್ದ ಡಬ್ಬಿಯ ಮುಚ್ಚಳವನ್ನು ಅಣ್ಣ ತಾನೇ ಒತ್ತಿ ಮುಚ್ಚಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. "ವಾಪಸ್ ಹೋಗು ತಮ್ಮ. ಪರೀಕ್ಷೆ ಹತ್ರ ಬಂದೈತೆ."

"ಅಣ್ಣ, ನಾನು ಉಣ್ಣಾಕೇ ಬಂದಿರೋದು. ಯೋಚ್ನೆ ಮಾಡೇ ಬಂದೀನಿ."

"ಗೊತ್ತು ಕಣೋ. ಅದಕ್ಕೇ ಹೇಳ್ತಿರೋದು. ನಿಮ್ಮಪ್ಪಗೆ ನಾನೇನು ಉತ್ತರ ಹೇಳ್ಲಿ? ಮುಂದಿನ ವರ್ಷ ನೋಡಾಣ, ನಡಿ."

ನಾನು ಅಳುತ್ತ ಇಳಿದೆ. ಹುಣಸೆಮರದ ಕೆಳಗಿನವರೂ ಒಬ್ಬೊಬ್ಬರಾಗಿ ಇಳಿದು ಹೋದರು. ಅವನ ಮೇಲೆ ನನಗೆ ಕೆಟ್ಟ ಸಿಟ್ಟು ಬಂದಿತ್ತು. ಇವತ್ತಿಗೂ ಪೂರ್ತಿ ಇಳಿದಿಲ್ಲ. ಅಷ್ಟು ಕಷ್ಟಪಟ್ಟು ಹುಟ್ಟಿದ ಧೈರ್ಯ ನನಗೆ ಜೀವನದಲ್ಲಿ ಮತ್ತೆ ಹುಟ್ಟಲೂ ಇಲ್ಲ.

ಮುಂದಿನ ವರ್ಷ ಎಂಬುದು ಬರಲಿಲ್ಲ. ಅಣ್ಣ ಇಂಗ್ಲಿಷಿನಲ್ಲಿ ಫೇಲಾದ, ಮತ್ತೆ ಕಟ್ಟಿದ, ಮತ್ತೆ ಫೇಲಾದ. ಹೊಸದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡ. ನೋಟ್ಸ್ ಜೆರಾಕ್ಸ್ ಮಾಡಿಸಲು ಬಂದ ಹುಡುಗರಿಗೆಲ್ಲ ಬಳಗದ ಕಥೆ ಹೇಳುತ್ತಿದ್ದನಂತೆ. ಅವರು ಚಿಲ್ಲರೆ ಇಸಿದುಕೊಂಡು ನಡೆಯುತ್ತಿದ್ದರಂತೆ. ನಾನು ಡಿಗ್ರಿ ಮುಗಿಸಿದೆ, ಎಂ.ಎ. ಮಾಡಿದೆ, ಹೊಳಲ್ಕೆರೆಯಲ್ಲಿ ಲೆಕ್ಚರರ್ ಆದೆ. ದುರ್ಗದ ಹಾಸ್ಟೆಲುಗಳು ಮಹಡಿ ಮೇಲೆ ಮಹಡಿ ಎತ್ತಿದವು, ಕಮಾನು ಕಟ್ಟಿಸಿಕೊಂಡವು. ನನ್ನ ತರಗತಿಯ ಹುಡುಗರು ಈಗ ಬೆಂಚುಗಳನ್ನೂ ಜಾತಿವಾರು ಹಂಚಿಕೊಂಡಿದ್ದಾರೆ. ಎಬ್ಬಿಸಿ ಬೇರೆ ಕಡೆ ಕೂರಿಸುತ್ತೇನೆ; ಬೋರ್ಡಿನ ಕಡೆ ತಿರುಗುವಷ್ಟರಲ್ಲಿ ಮತ್ತೆ ತಮ್ಮ ಜಾಗಕ್ಕೆ ಸೇರಿರುತ್ತಾರೆ. ಇದು ಬದಲಾಗುತ್ತದೆಂದು ನನಗೇನೂ ಅನ್ನಿಸುವುದಿಲ್ಲ.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಅಣ್ಣ ಕಾಮಾಲೆಯಾಗಿ ತೀರಿಕೊಂಡ. ಸುದ್ದಿ ತಿಳಿದು ಹೊಸದುರ್ಗಕ್ಕೆ ಹೋದಾಗ ಮಣ್ಣು ಮಾಡಿ ಬಂದಾಗಿತ್ತು. ಅತ್ತಿಗೆಯನ್ನು ನಾನು ಅದುವರೆಗೆ ನೋಡಿರಲಿಲ್ಲ. ಊರು, ಹೆಸರು ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನನ್ನೇ ನೋಡಿದರು.

"ನೀವೇನ್ರಿ ಅದು? 'ಒಬ್ಬ ಬಂದಿದ್ದ ಕಣೇ' ಅಂತ ನಮ್ಮನೇರು ಯಾವಾಗ್ಲೂ ಹೇಳೋರು."

"ನನ್ನ ವಾಪಸ್ ಕಳಿಸಿದ್ದಕ್ಕೆ ಬೇಜಾರು ಮಾಡ್ಕಂಡಿದ್ನಾ ಅತ್ತಿಗೆ?"

"ಏನೋಪ್ಪ, ನಂಗೊತ್ತಿಲ್ಲ. ನಿಮಗೆ ಕೆಲ್ಸ ಸಿಕ್ತು ಅಂತ ಯಾರೋ ಹೇಳಿದ್ರಂತೆ. ಅವತ್ತು ಅಂಗ್ಡಿ ಬಾಗ್ಲು ಹಾಕ್ಕಂಡು ಬಂದು ಶಾವಿಗೆ ಪಾಯಸ ಮಾಡ್ಸಿದ್ರು. ಅಷ್ಟು ಪಾಯಸ ಯಾರಿಗ್ರೀ ಅಂದೆ. ಕರಿಯಾಕೆ ಯಾರವ್ರೆ ಅಂದ್ರು. ನಾವಿಬ್ರೇ ಕುಂತು ಉಂಡ್ವಿ."