ಮಕ್ಬೂಲನ ಕಡೆಯ ಕಂಪ್ಯೂಟರು

ನಮ್ಮ ಅಂಗಡಿಯ ಕಂಪ್ಯೂಟರನ್ನು ಕಂಡರೆ ನನಗೆ ಮೊದಲಿನಿಂದಲೂ ಒಂದಿಷ್ಟು ಅಂಜಿಕೆ. ಹಾಡಹಗಲಲ್ಲೇ, ಆಳಂದದ ಬಸ್ ನಿಲ್ದಾಣದ ಗದ್ದಲ ಕಿವಿಗೆ ಬೀಳುತ್ತಿರುವಾಗಲೇ ಅಂಜಿಕೆ. ನೀವು ನಗಬಹುದು. ಆದರೆ ಒಂದೇ ಡಬ್ಬಿಯೊಳಗೆ ಇಬ್ಬರು ವಾಸವಿದ್ದು, ಒಬ್ಬ ಎದ್ದಾಗ ಇನ್ನೊಬ್ಬ ಉಸಿರೇ ಇಲ್ಲದಂತೆ ಬಿದ್ದಿರುತ್ತಾನೆ ಎಂದರೆ ನಿಮಗೇನೂ ಅನಿಸುವುದಿಲ್ಲವೇ?

ಲಗ್ನಪತ್ರಿಕೆ ಅಚ್ಚು ಹಾಕುವುದು ನಮ್ಮ ಕಸುಬು. ನಮ್ಮ ಎಂದರೆ ನನ್ನದು ಮತ್ತು ಗೆಳೆಯ ಮಕ್ಬೂಲನದು. ನನ್ನ ಹಳೇ ಕನ್ನಡ ಅಕ್ಷರಗಳು ಹಳೇ ಆಪರೇಟಿಂಗ್ ಸಿಸ್ಟಮ್ ಬಿಟ್ಟು ಬೇರೆಲ್ಲೂ ಕೂಡುವುದಿಲ್ಲ. ಉರ್ದು ಲಿಪಿ ಚೆಂದ ಬರುವುದು ಪುಕ್ಕಟೆ ಸಿಗುವ ಇನ್ನೊಂದರಲ್ಲೇ ಎಂಬುದು ಅವನ ಹಟ. ಹಾಗಾಗಿ ಒಂದೇ ಯಂತ್ರದಲ್ಲಿ ಎರಡೂ ಇವೆ. ಗುಂಡಿ ಒತ್ತಿದರೆ ಕರಿಯ ಪರದೆಯ ಮೇಲೆ ಎರಡು ಹೆಸರು ಮೂಡಿ, ಯಾರನ್ನು ಎಬ್ಬಿಸಲಿ ಎಂದು ಕೇಳುತ್ತದೆ. ಎಬ್ಬಿಸದೆ ಬಿಟ್ಟವನ ಗತಿ ಏನು? ಅವನಿಗೆ ಕನಸಾದರೂ ಬೀಳುತ್ತದೆಯೇ? "ಮಲಗಿದಾಂವನ ಚಿಂತಿ ನಿನಗ್ಯಾಕಲೇ, ಪತ್ರಿಕಿ ಮುಗಸು" ಎಂದು ಮಕ್ಬೂಲ ಬೈಯುತ್ತಿದ್ದ.

ಗಡಿಯಾರದ್ದು ಇನ್ನೊಂದು ಚೇಷ್ಟೆ. ಅವನು ತನ್ನ ಕಡೆ ಕೆಲಸ ಮಾಡಿ ಎದ್ದ ಮೇಲೆ ನಾನು ನನ್ನ ಕಡೆ ಬಂದರೆ, ನಡುಮಧ್ಯಾಹ್ನ ಮೂಲೆಯ ಗಡಿಯಾರ ಮುಂಜಾನೆ ತೋರಿಸುತ್ತಿತ್ತು. ಒಂದು ನಮ್ಮ ಸಮಯ ಇಟ್ಟುಕೊಂಡರೆ ಇನ್ನೊಂದು ವಿಲಾಯತಿ ಸಮಯ ಇಡುತ್ತದೆ, ಅದಕ್ಕೇ ಹಾಗೆ ಎಂದು ಮಕ್ಬೂಲ ಬಿಡಿಸಿ ಹೇಳಿದ್ದ. ತಿಳಿಯಿತು. ಆದರೂ ಊಟ ಮುಗಿಸಿ ಬಂದು ಕೂತವನಿಗೆ ಈಗಷ್ಟೇ ಬೆಳಗಾಯಿತು ಎಂದು ಯಂತ್ರ ಹೇಳಿದರೆ ಮೈ ಜುಂ ಎನ್ನುತ್ತದೆ. ನಾನಿಲ್ಲದಾಗ ಯಾರೋ ನನ್ನ ಕುರ್ಚಿಯಲ್ಲಿ ಬೇರೊಂದು ದಿನ ಕಳೆದು ಹೋದಂತಿರುತ್ತಿತ್ತು.

ನಮ್ಮ ಕಡೆಯ ಮಂದಿಯೂ ಹೆಚ್ಚುಕಡಿಮೆ ಹೀಗೆಯೇ. ಅಂಗಡಿಯಲ್ಲಿ ಕನ್ನಡ, ಮನೆಯಲ್ಲಿ ಉರ್ದು, ಅಕ್ಕಲಕೋಟೆಯ ಬೀಗರ ಜೊತೆ ಮರಾಠಿ. ನಾವು ಮಾಡುವ ಮುಸಲ್ಮಾನರ ಲಗ್ನಪತ್ರಿಕೆಗೆ ಬೆನ್ನೇ ಇರುವುದಿಲ್ಲ. ಒಂದು ಕಡೆಯಿಂದ ತೆರೆದರೆ ಉರ್ದು, ಇನ್ನೊಂದು ಕಡೆಯಿಂದ ತೆರೆದರೆ ಕನ್ನಡ, ಎರಡೂ ಮುಖವೇ. ಎರಡನ್ನೂ ತಿದ್ದುತ್ತಿದ್ದವನು ಮಕ್ಬೂಲ. ನನಗೆ ಉರ್ದು ತಿಳಿಯುತ್ತದೆ, ಆಡಲು ಹೋದರೆ ನಾಲಿಗೆ ಹೊರಳುವುದಿಲ್ಲ. ನಾವಿಬ್ಬರೂ ನಕ್ಕಿದ್ದು, ಬೈದಾಡಿದ್ದು, ಒಬ್ಬರಿಗೊಬ್ಬರು ಗುಟ್ಟು ಹೇಳಿಕೊಂಡಿದ್ದು ಎಲ್ಲ ಕನ್ನಡದಲ್ಲೇ.

ಹೋದ ಚಳಿಗಾಲದಲ್ಲಿ ಮಕ್ಬೂಲನಿಗೆ ಲಕ್ವಾ ಹೊಡೆಯಿತು. ಕೈಕಾಲು ಬೇಗ ಚೇತರಿಸಿಕೊಂಡವು. ಕಲಬುರಗಿಯ ದವಾಖಾನೆಯಿಂದ ಅವನು ಮನೆಗೆ ಬಂದನೆಂದು ತಿಳಿದಾಗ ಓಡಿಹೋಗಿ, "ಹ್ಯಾಂಗಿದ್ದೀಲೇ?" ಎಂದೆ. ಅವನು ನನ್ನನ್ನು ತುಂಬ ಮರ್ಯಾದೆಯಿಂದ ನೋಡಿದ. ಪರ ಊರಿನ ಗಿರಾಕಿಯನ್ನು ನೋಡುವ ಮರ್ಯಾದೆ. "ಬೈಠೋ ಜೀ" ಎಂದು ಕುರ್ಚಿ ತೋರಿಸಿದ.

ಅವನ ಹೆಂಡತಿ ಶಾಹೀನ್ ಭಾಬಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಉರ್ದು ಅಷ್ಟೇ ಮಾತಾಡಾಕತ್ತಾರ್ರಿ ಅಣ್ಣಾರ. ಕನ್ನಡ ಒಂದು ಮಾತೂ ತಿಳಿವಲ್ದು, ಕನ್ನಡದಾಗ ಮಾತಾಡಿದ ಗೆಳ್ಯಾರ ಗುರ್ತೂ ಹತ್ತವಲ್ದು. ಬಂದ್ರ ಬರಬಹುದು ಅಂತಾರ ಡಾಕ್ಟರು."

ಅದೇ ಮುಖ, ಅದೇ ಮೀಸೆ, ಅದೇ ಅಡಕೆ ತಿಂದು ಕೆಂಪಾದ ಹಲ್ಲು. ಒಳಗೆ ಎದ್ದು ಕೂತವನು ಮಾತ್ರ ಬೇರೆ. ನನ್ನ ಮಕ್ಬೂಲ ಹೋದ ಎಂದುಕೊಂಡು ಎದ್ದು ಬಂದೆ. ಮತ್ತೆ ಆ ಓಣಿಗೆ ಹೋಗಲು ಕಾಲೇ ಏಳಲಿಲ್ಲ.

ಸ್ವಲ್ಪ ದಿನ ಕಳೆದು ಸರಸಂಬಾದವರೊಬ್ಬರು, ದೊಡ್ಡ ಮಗಳಿಗೆ ಮಾಡಿಸಿದಂಥದ್ದೇ ಪತ್ರಿಕೆ ಸಣ್ಣವಳಿಗೂ ಬೇಕೆಂದು ಬಂದರು. ಅದು ಮಕ್ಬೂಲನ ಕಡೆ ಇತ್ತು. ಆ ಕಡೆಯ ಪಾಸ್‌ವರ್ಡ್ ಅವನ ತಲೆಯಲ್ಲಿತ್ತು. ನನ್ನ ಕಡೆಯಿಂದಲೇ ಹುಡುಕೋಣವೆಂದು ಡಿಸ್ಕಿನಲ್ಲಿ ಅವನ ಪಾಲಿನ ಭಾಗದ ಮೇಲೆ ಒತ್ತಿದೆ. ಪರದೆ ತಣ್ಣಗೆ ಹೇಳಿತು: ಇದನ್ನು ಓದಲು ಬರುತ್ತಿಲ್ಲ, ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಪರದೆ ಏನೇ ಕೇಳಿದರೂ ಹೂಂ ಎನ್ನುವುದು ನನ್ನ ಕೈಯ ಚಾಳಿ. ಬೆರಳು ಇನ್ನೇನು ಇಳಿಯುವುದರಲ್ಲಿತ್ತು.

ಅಬ್ಬಾ! ಅಲ್ಲಿ ಅವನು ಇಷ್ಟು ವರ್ಷ ಕೂತು ಜೋಡಿಸಿದ ಪತ್ರಿಕೆಗಳಿವೆ, ಎಷ್ಟೋ ಮನೆಗಳ ಮದುಮಕ್ಕಳ ಹೆಸರುಗಳಿವೆ. ನನ್ನ ಕಡೆಯ ಕಣ್ಣಿಗೆ ಅದೆಲ್ಲ ಪಾಳು ಜಾಗ. ತನಗೆ ಓದಲು ಬರದ್ದನ್ನು ಖಾಲಿ ಎಂದುಕೊಂಡು, ಎಷ್ಟು ವಿನಯದಿಂದ ಅಳಿಸಲೇ ಎಂದು ಕೇಳುತ್ತದೆ ನೋಡಿ! ಕೈ ಹಿಂದಕ್ಕೆ ತೆಗೆದೆ. ಮಕ್ಬೂಲನ ಮನೆಯಲ್ಲಿ ನಾನು ಮಾಡಿದ್ದೂ ಇದೇ ಅಲ್ಲವೇ? ಕನ್ನಡ ಕಾಣಲಿಲ್ಲ, ಮನುಷ್ಯನೇ ಇಲ್ಲ ಎಂದು ಎದ್ದು ಬಂದಿದ್ದೆ.

ಗಿರಾಕಿಗೆ "ನಾಳೆ ಬರ್ರಿ" ಎಂದು ಹೇಳಿ, ಅಂಗಡಿಗೆ ಬೀಗ ಹಾಕಿ ನೆಟ್ಟಗೆ ಅವನ ಮನೆಗೆ ಹೋದೆ. ಬಂದಷ್ಟು ಉರ್ದುವಿನಲ್ಲೇ ಶುರು ಮಾಡಿದೆ. ಅಂಗಡಿಯ ಸುದ್ದಿ ಹೇಳಿದೆ, ಪತ್ರಿಕೆಯಲ್ಲಿ ತಮ್ಮ ಹೆಸರು ಮೇಲೆ ಬರಲಿಲ್ಲವೆಂದು ಜಗಳಕ್ಕೆ ನಿಂತ ಸೋದರಮಾವನ ಕಥೆ ಹೇಳಿದೆ. ನನ್ನ ಬಾಯಲ್ಲಿ ಸೋದರಮಾವ ಹೆಂಗಸಾದ, ಮದುವೆ ಗಂಡಸಾಯಿತು. ಮಕ್ಬೂಲ ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ತುಟಿ ಕಚ್ಚಿ ಹಿಡಿದ, ಕೊನೆಗೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕ. ಆ ನಗು ಹಳೆಯದೇ. ನಗುತ್ತಿದ್ದವನ ಕಣ್ಣಿಗೆ ಮಾತ್ರ ನನ್ನ ಪರಿಚಯವಿರಲಿಲ್ಲ.

ನಾನು ಏಳುವಾಗ ಅವನು ಭಾಬಿಯತ್ತ ಬಾಗಿ, "ಕೌನ್ ಕೀ ಮಾಲೂಮ್ ನೈ. ಮಗರ್ ರೋಜ್ ಆನೆ ಬೋಲೋ" ಎಂದ.

ಭಾಬಿ ಬಾಗಿಲ ತನಕ ಬಂದರು. ಕೇಳಿಸಿತೋ ಇಲ್ಲವೋ ಎಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು. "ಯಾರಂತ ಗೊತ್ತಿಲ್ಲಂತ್ರಿ. ಆದ್ರ ದಿನಾ ಬರಾಕ ಹೇಳು ಅಂತಾರ."

"ಬರ್ತೇನ್ರಿ" ಎಂದೆ. ಅಂದಿನಿಂದ ಹೋಗುತ್ತಿದ್ದೇನೆ. ನಾನು ಯಾರೆಂದು ಚೆನ್ನಾಗಿ ಗೊತ್ತಿದ್ದೂ ಹೀಗೆ ಕರೆದವರು ನನಗೆ ಹೆಚ್ಚು ಮಂದಿಯಿಲ್ಲ.