ಅವ್ವನ ಎಂಟು ಪುಟ

ಆ ಮನುಷ್ಯ ಸತ್ತು ಬಹಳ ವರ್ಷವಾಯಿತು. ಸುದ್ದಿ ಬಂದಾಗ ನಾನು ಊಟಕ್ಕೆ ಕುಳಿತಿದ್ದೆ. ಏಳಲಿಲ್ಲ, ಇನ್ನಷ್ಟು ಸಾರು ಹಾಕಿಸಿಕೊಂಡೆ. ಇದನ್ನು ಕಲ್ಲೆದೆ ಎನ್ನುವವರು ಎನ್ನಲಿ. ಅವನ ಪಕ್ಕದಲ್ಲಿ ಒಂದು ವಾರ ಕುಳಿತೆದ್ದು ಬಂದು ಆಮೇಲೆ ಮಾತಾಡಲಿ.

ಪುಣೆಯ ಹಳೆಯ ಪೇಠೆಯೊಂದರ ಮಾಳಿಗೆಯ ಮೇಲೆ ಅವನ ಸ್ಟುಡಿಯೊ ಇತ್ತು. ಮಕ್ಕಳಿಗಾಗಿ ಪುರಾಣದ ಚಿತ್ರಕಥೆಗಳನ್ನು ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸುತ್ತಿದ್ದ. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಕಾಗದದ ಮೇಲೆ ಬರೆಯುವ ಕಲಾವಿದರನ್ನೆಲ್ಲ ಮನೆಗೆ ಕಳಿಸಿ, ಕಂಪ್ಯೂಟರ್ ತಂದು, ನನ್ನನ್ನು ಅದರ ಮುಂದೆ ಕೂರಿಸಿದ್ದ. ಪುಟವನ್ನು ಚೌಕಗಳಾಗಿ ಹಂಚಿ, ಚಿತ್ರ ಕೂರಿಸಿ, ಮಾತಿನ ಗುಳ್ಳೆಗಳಿಗೆ ಜಾಗ ಮಾಡಿ ಅಕ್ಷರ ತುಂಬುವುದು ನನ್ನ ಕೆಲಸ. ಅವನೂ ವಿಜಾಪುರದ ಕಡೆಯವ, ನಾವೂ ಆ ಕಡೆಯವರೇ. ಅದೇ ನನಗೆ ಮುಳುವಾಯಿತು. ಇವಳು ನನ್ನ ಮಗಳಿದ್ದ ಹಾಗೆ ಎಂದು ಎಲ್ಲರೆದುರು ಮರಾಠಿಯಲ್ಲಿ ಹೇಳಿ, ಅದೇ ನಗುಮುಖದಲ್ಲಿ ಕನ್ನಡಕ್ಕೆ ಹೊರಳಿ, "ಕತ್ತೆ, ನಿನ್ನ ಕೈಗೆ ಲಟ್ಟಣಿಗಿನ ಛಲೋ ಇತ್ತು" ಎನ್ನುತ್ತಿದ್ದ. ಉಳಿದವರು ಅದನ್ನೂ ಹೊಗಳಿಕೆ ಎಂದೇ ತಿಳಿದಿದ್ದರು.

ಪುಸ್ತಕ ಅಚ್ಚಾಗುವುದು ಹದಿನಾರು ಪುಟದ ಫಾರಂ ಲೆಕ್ಕದಲ್ಲಿ. ಆ ಸಲದ ರಾಕ್ಷಸರ ಯುದ್ಧದ ಕಥೆ ಇಪ್ಪತ್ತನಾಲ್ಕು ಪುಟಕ್ಕೇ ಮುಗಿದು, ಎರಡನೇ ಫಾರಮ್ಮಿನಲ್ಲಿ ಎಂಟು ಪುಟ ಖಾಲಿ ಉಳಿದವು. ನನ್ನದೊಂದು ಕಥೆ ಹಾಕಲೇ ಎಂದು ಹೆದರುತ್ತಲೇ ಕೇಳಿದೆ. "ತುಂಬವಾ. ನಿನ್ನ ಹೆಸರೂ ಹಾಕೋಣು" ಎಂದ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅವ್ವ ಪುಣೆಯ ಪಕ್ಕದ ಚಿಂಚವಾಡದಲ್ಲಿ ಸಣ್ಣದೊಂದು ಖಾನಾವಳಿ ನಡೆಸುತ್ತಿದ್ದಳು. ಕಾರ್ಖಾನೆಯ ಕೆಲಸಗಾರರಿಗೆ ಜೋಳದ ರೊಟ್ಟಿ, ಪಲ್ಯ. ನಾನು ಬರೆದದ್ದು ಅವಳ ಒಂದು ದಿನವನ್ನು: ಹಿಟ್ಟು ನಾದುವುದು, ರೊಟ್ಟಿ ಬಡಿಯುವುದು, ಅಂಗೈ ಮೇಲೆ ಎತ್ತಿ ಹಂಚಿಗೆ ಹಾಕುವುದು, ಕೊನೆಗೆ ಎಲ್ಲರೂ ಉಂಡು ಹೋದ ಮೇಲೆ ಗೋಡೆಗೊರಗಿ ಕಣ್ಣು ಮುಚ್ಚುವುದು. ನೋಡಿ ಬರೆಯಲೆಂದು ಅವಳನ್ನು ಭಾನುವಾರ ಕೂರಿಸಿಕೊಂಡಾಗ ಹೊಸ ಸೀರೆ ಉಟ್ಟು ಬಂದಳು. "ಮೂಗು ಸ್ವಲ್ಪ ಸಣ್ಣದ ಮಾಡ, ಯವ್ವಾ" ಎಂದಳು. ನಾನು ಮಾಡಲಿಲ್ಲ. ಮಗಳು ತನ್ನನ್ನು ಪುಸ್ತಕದಲ್ಲಿ ಹಾಕುತ್ತಾಳೆ ಎಂದು, ಮಾವಶಿ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತ ಉಣ್ಣಲು ಬಂದವರಿಗೆಲ್ಲ ಹೇಳಿದಳು.

ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಪದರ ಪದರವಾಗಿ ಬರೆಯುತ್ತಾರೆ. ಮುಖ ಒಂದು ಪದರ, ಕೂದಲು ಇನ್ನೊಂದು, ಕೈ ಮತ್ತೊಂದು. ಬೇಕಾದ್ದನ್ನು ಮಾತ್ರ ಎತ್ತಿ ತಿದ್ದಬಹುದು. ನಾನು ಒಂದೊಂದು ಪದರಕ್ಕೂ ಹೆಸರು ಕೊಟ್ಟು ಅಚ್ಚುಕಟ್ಟಾಗಿ ಇಟ್ಟಿದ್ದೆ. ಅವನಿಗೆ ಅಷ್ಟೇ ಬೇಕಾಗಿತ್ತು.

ಎಂಟೂ ಪುಟ ನೋಡಿ "ಛಲೋ ಅದ" ಎಂದ. ಕನ್ನಡದಲ್ಲಿ ಅವನು ಆಡಿದ ಮೊದಲ ಒಳ್ಳೆಯ ಮಾತು, ನಂಬಿಬಿಟ್ಟೆ. ಆಮೇಲೆ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತ. "ರೊಟ್ಟಿ ಬಡಿಯೋದನ್ನ ಯಾರ್ ನೋಡ್ತಾರ? ಯುದ್ಧಾನ ಎಂಟು ಪುಟ ಎಳಿ. ರಾಕ್ಷಸಿ ಇಲ್ಲೇ ಕುಂತಾಳಲ್ಲ."

"ಸರ್, ಅದು ನಮ್ಮವ್ವನ ಮುಖ ಅದರಿ."

"ಅದಕ್ಕ ಅದರಾಗ ಜೀವ ಅದ. ನಿನ್ನ ಕೈಲೆ ಆಗೂದಿಲ್ಲಂದ್ರ ಬಿಡು, ಇನ್ನೊಬ್ಬ ಆಪರೇಟರ್ ಅದಾನ. ಅಂವಾ ಇನ್ನೂ ಚಂದ ಹಲ್ಲು ಹಚ್ತಾನ."

ಆ ಆಪರೇಟರ್ ಮುಖಗಳನ್ನು ಹಿಗ್ಗಾಮುಗ್ಗಾ ಎಳೆಯುವುದನ್ನು ನೋಡಿದ್ದೆ. ನಾನೇ ಮಾಡಿದರೆ ಅವ್ವನ ಗುರುತು ಸಿಗದಂತೆ ಮಾಡಬಹುದು ಎಂದುಕೊಂಡು ಕಂಪ್ಯೂಟರಿನ ಪೆನ್ನು ಹಿಡಿದೆ. ಅವನು ಎದ್ದು ಹೋಗಲಿಲ್ಲ. ಮೂಗು ತಿದ್ದಲು ಹೋದರೆ "ಮೂಗು ಮುಟ್ಟಬ್ಯಾಡ," ಗಲ್ಲ ತಿದ್ದಲು ಹೋದರೆ "ಇರಲಿ ಇರಲಿ." ಕೂದಲು ಬಿಚ್ಚಿಸಿದ. ಕೋರೆಹಲ್ಲು ಇಡಿಸಿದ. ಅಂಗೈ ಮೇಲಿನ ರೊಟ್ಟಿಯ ಪದರ ಅಳಿಸಿ ಹಾಕಿಸಿ ಅಲ್ಲಿ ಒಬ್ಬ ಸೈನಿಕನ ರುಂಡ ಕೂರಿಸಿದ. ರೊಟ್ಟಿ ಬಡಿಯುವ ಕೈ ಎದೆ ಸೀಳುವ ಕೈಯಾಯಿತು. ಗೋಡೆಗೊರಗಿದ ಕೊನೆಯ ಚೌಕದಲ್ಲಿ ಹೆಚ್ಚು ಕೆಲಸ ಬೀಳಲಿಲ್ಲ. ಕಣ್ಣು ಮುಚ್ಚಿಯೇ ಇತ್ತು, ಎದೆಗೆ ಒಂದು ಬಾಣ ನೆಡಿಸಿದ. ಅಷ್ಟು ಹೊತ್ತೂ ಚಹಾ ಕುಡಿಯುತ್ತ, ಹೋಗಿ ಬರುವವರಿಗೆ ನನ್ನ ಕೈಚಳಕವನ್ನು ಮರಾಠಿಯಲ್ಲಿ ಕೊಂಡಾಡುತ್ತಿದ್ದ.

ಪುಸ್ತಕ ಇನ್ನೂ ಬಂದಿಲ್ಲ ಎಂದು ಮನೆಯಲ್ಲಿ ಸುಳ್ಳು ಹೇಳುತ್ತಲೇ ಇದ್ದೆ. ಅವ್ವ ತಾನೇ ಸ್ಟೇಶನ್ನಿನ ಅಂಗಡಿಗೆ ಹೋಗಿ ಕೊಂಡು ತಂದಳು. ಎಲ್ಲರಿಗೂ ಹೇಳಿಟ್ಟಿದ್ದಳಲ್ಲ, ಊಟಕ್ಕೆ ಕುಳಿತವರ ಎದುರಿಗೇ ತೆರೆದಳು. ಅವರು ಗುರುತು ಹಿಡಿಯಲು ಹೊತ್ತಾಗಲಿಲ್ಲ. "ರಾಕ್ಷಸಿ ಮಾವಶಿ, ಇನ್ನೊಂದು ಭಾಕರಿ" ಎಂದು ಒಬ್ಬ ರೊಟ್ಟಿಗಾಗಿ ಕೂಗಿದ, ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಅವ್ವನೂ ನಕ್ಕು ಬಡಿಸಿದಳು. ಆ ಹೆಸರು ಅವಳಿಗೆ ಅಂಟಿಕೊಂಡಿತು.

ಪಾತ್ರೆ ತೊಳೆದಾದ ಮೇಲೆ ಕೈ ಒರೆಸಿಕೊಂಡು, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನನ್ನೆದುರು ಕುಳಿತಳು. ನಾನು ಎಲ್ಲವನ್ನೂ ಹೇಳಿದೆ. ಅವನು ಕುರ್ಚಿ ಎಳೆದದ್ದು, ಮೂಗು ಮುಟ್ಟಬೇಡ ಎಂದದ್ದು, ರುಂಡ, ಬಾಣ. ಹೇಳುತ್ತ ಅವನನ್ನು ಬಾಯಿಗೆ ಬಂದಂತೆ ಬೈದೆ. ಅವನ ಮನೆ ಹಾಳಾಗಲಿ ಎಂದು ಅವಳೂ ಶಪಿಸುತ್ತಾಳೆ ಎಂದು ಕಾದೆ.

ಅವ್ವ ಕೊನೆಯವರೆಗೂ ಕೇಳಿದಳು.

"ಅಂವಗ ನಾ ಯಾರಂತ ಗೊತ್ತಿಲ್ಲ, ಯವ್ವಾ" ಎಂದಳು. "ನಿನಗ ಗೊತ್ತಿತ್ತಲ್ಲ."