ಕಿಟಕಿಯ ಕಡೆಗೆ ಸರಿದ ಗುಡ್ಡ

ಮೊನ್ನೆ ಮನೆಗೆ ಬಣ್ಣ ಹೊಡೆಸುವಾಗ ಹಟ ಹಿಡಿದು ನನ್ನ ಕೋಣೆಗೆ ಮಾತ್ರ ಸುಣ್ಣವೇ ಆಗಲಿ ಎಂದೆ. ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದದ್ದೇ ತಡ, ಮಧುಗಿರಿಯ ಹೈಸ್ಕೂಲೂ ನಮ್ಮ ಗಣಿತದ ಮೇಷ್ಟ್ರೂ ಎದುರಿಗೆ ಬಂದು ನಿಂತರು...

ಮಹಾರಾಜರ ಕಾಲ ಅದು. ಮೇಷ್ಟ್ರು ಕೊಳಾಲದ ಕಡೆಯವರು. ಕೋಟು ರುಮಾಲು ಸರ್ಕಾರದ ಶಿಸ್ತಿನವು, ಮಾತು ಮಾತ್ರ ಅಪ್ಪಟ ಊರ ಕಡೆಯದು. ವರ್ಷಗಟ್ಟಲೆ ಹಂಗಾಮಿಯಾಗಿಯೇ ದುಡಿದಿದ್ದರು ಪಾಪ. ಆ ಸಲ ಶಾಲಾ ಇನ್ಸ್‌ಪೆಕ್ಟರು ಒಳ್ಳೆಯ ವರದಿ ಬರೆದರೆ ಖಾಯಂ, ಇಲ್ಲದಿದ್ದರೆ ಮನೆಗೆ. ಇನ್ಸ್‌ಪೆಕ್ಟರು ಬರುತ್ತಾರೆಂದು ಹೆಡ್‌ಮಾಸ್ಟರು ಹಿಂದಿನ ದಿನವಷ್ಟೇ ಶಾಲೆಗೆಲ್ಲ ಸುಣ್ಣ ಹೊಡೆಸಿದ್ದರು.

ನಮಗೋ ಗ್ರಾಫು ತಲೆಗೆ ಹತ್ತಿರಲಿಲ್ಲ. ಮೇಷ್ಟ್ರು ಗುಡ್ಡದಂಥ ಗೆರೆ ಎಳೆದು, ಎಕ್ಸ್‌ಗೆ ಅಂಕಿ ಹಾಕಿ ಬಂದ ಉತ್ತರಕ್ಕೆ ಎರಡು ಕೂಡಿಸಿದರೆ ಗುಡ್ಡ ಮೇಲಕ್ಕೇಳುತ್ತದೆ ಎಂದರು. ಸರಿ, ಒಪ್ಪಿದೆವು. ಆದರೆ ಎಕ್ಸ್‌ಗೇ ಎರಡು ಕೂಡಿಸಿದರೆ ಗುಡ್ಡ ಎಡಕ್ಕೆ ಹೋಗುತ್ತದಂತೆ. ಕೂಡಿಸಿದ ಮೇಲೆ ಮುಂದಕ್ಕೆ ತಾನೇ ಹೋಗಬೇಕು? ಇನ್ಸ್‌ಪೆಕ್ಟರು ಬರುವ ದಿನ ಬೆಳಿಗ್ಗೆಯೂ ನಾವು ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಮೇಷ್ಟ್ರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು.

"ಏಳ್ರಲಾ ಎಲ್ಲ. ಗೋಡೆಗೆ ಬೆನ್ನು ಕೊಟ್ಟು ಸಾಲಾಗಿ ನಿಂತ್ಕಳ್ರಿ."

ನಿಂತೆವು. ನಮ್ಮ ಕಾಲ ಬಳಿ ಕಿಟಕಿಯಿಂದ ಬಾಗಿಲವರೆಗೆ ಏರುತ್ತಾ ಹೋಗುವ ಅಂಕಿಗಳನ್ನು ಬರೆದರು. ನಡುವಿನವನು ನೆಟ್ಟಗೆ ನಿಂತ, ಆಚೀಚೆಯವರು ಇಷ್ಟಿಷ್ಟೇ ಮಂಡಿ ಮಡಿಸಿ ಇಳಿದರು, ತುದಿಯವರು ಕುಕ್ಕರಗಾಲಲ್ಲಿ ಕೂತರು. ಎದುರಿನಿಂದ ನೋಡಿದರೆ ನಮ್ಮ ತಲೆಗಳದ್ದೇ ಒಂದು ಗುಡ್ಡ.

"ಈಗ ಎಕ್ಸ್‌ಗೆ ಎರಡು ಕೂಡುಸ್ತೀನಿ. ಅಂಗಂದ್ರೆ, ನಿಂತ ಜಾಗ ಬುಡಬೇಡಿ. ನಿಮ್ಮಿಂದ ಬಾಗಿಲ ಕಡೆ ಎರಡನೇವನು ಹೆಂಗವ್ನೆ ಅಂತ ನೋಡ್ಕಳಿ. ಚಪ್ಪಾಳೆ ಹೊಡೆದ ತಕ್ಷಣ ಅವನಂಗೇ ಆಗ್ಬುಡಿ. ಆ ಕಡೆ ಯಾರೂ ಇಲ್ದಿದ್ರೆ ನೆಲದ ಮ್ಯಾಲೆ ಕುಂತ್ಕಂಬುಡಿ."

ಪಕ್ಕದವನನ್ನು ನೋಡಿದರೆ ಕಿವಿ ಹಿಂಡುತ್ತಿದ್ದವರೇ ನೋಡಿ ಎಂದದ್ದು ನಮಗೆ ಹಬ್ಬವಾಯಿತು. ನಾನು ಬಾಗಿಲ ತುದಿಯಿಂದ ಎರಡನೆಯವನು, ನನ್ನ ಆಚೆ ಇದ್ದವನು ಒಬ್ಬನೇ. ತಿರುಗಿ ನೋಡುವ ಹೊತ್ತಿಗೆ ಸರಿಯಾಗಿ ಇನ್ಸ್‌ಪೆಕ್ಟರು ಒಳಗೆ ಬಂದು ಅವನ ಪಕ್ಕದಲ್ಲೇ ನಿಂತರು. ಆರಡಿ ಆಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಮೀಸೆಯ ಮೇಲೆ. ನನ್ನಿಂದ ಎರಡನೆಯವರು ಅವರೇ ಆದರು.

ಚಪ್ಪಾಳೆ ಬಿತ್ತು. ಗುಡ್ಡ ಹಾಗೇ ಕಿಟಕಿಯ ಕಡೆಗೆ ಸರಿಯಿತು. ನಾನು ಮಾತ್ರ ತುದಿಗಾಲಲ್ಲಿ ನಿಂತು, ಸೊಂಟಕ್ಕೆ ಕೈ ಕೊಟ್ಟು, ಇಲ್ಲದ ಮೀಸೆ ತಿರುವುತ್ತಿದ್ದೆ.

ಇನ್ಸ್‌ಪೆಕ್ಟರ ಮುಖ ಕೆಂಪಾಯಿತು. ಹಿಂದೆಯೇ ಬಂದ ಹೆಡ್‌ಮಾಸ್ಟರು ನಮ್ಮನ್ನು ಗೋಡೆಯಿಂದ ಎಳೆದು ಹಾಕಿದರು. ಹಸಿ ಸುಣ್ಣದ ಮೇಲೆ ನಮ್ಮ ತಲೆಯ ಹರಳೆಣ್ಣೆ ಕಲೆಗಳು, ಒಂದೇ ಆಕಾರದ ಎರಡು ಗುಡ್ಡಗಳಾಗಿ ಕೂತಿದ್ದವು. ಬಾಗಿಲ ಹತ್ತಿರ ಒಂದು ಕಲೆ ಮಾತ್ರ ಒಂಟಿಯಾಗಿ ಮೇಲಿತ್ತು.

"ಏನ್ರೀ ಅದು?" ಎಂದರು ಇನ್ಸ್‌ಪೆಕ್ಟರು.

ಮೇಷ್ಟ್ರು ಕೈ ಕಟ್ಟಿಕೊಂಡು, "ಅದು ತಾವು, ಸ್ವಾಮಿ" ಎಂದರು.

ಮೇಷ್ಟ್ರ ಕೆಲಸ ಹೋಯಿತು ಎಂದುಕೊಂಡೆವು. ಇನ್ಸ್‌ಪೆಕ್ಟರು ನನ್ನತ್ತ ತಿರುಗಿ, ಕೂಡಿಸಿದರೆ ಗುಡ್ಡ ಹಿಂದಕ್ಕೇಕೆ ಹೋಯಿತು ಎಂದು ಕೇಳಿದರು. ನಾನು ಬಾಗಿಲ ಕಡೆಗೆ ಕೈ ತೋರಿಸಿದೆ.

"ನಾನು ಎಲ್ಲಿಗೂ ಹೋಗ್ನಿಲ್ಲ ಸ್ವಾಮಿ. ಎರಡು ಮನೆ ಮುಂದೆ ಇದ್ದದ್ದು ನನ್ನತ್ರುಕ್ಕೆ ಬಂತು."

ಅವರು ಗೋಡೆಯ ಮೇಲಿನ ಗುಡ್ಡಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೀಸೆಯಡಿಯಲ್ಲಿ ನಕ್ಕರು.

ಮೇಷ್ಟ್ರು ಖಾಯಂ ಆದರು. ಆದರೆ ಖಾಯಂ ಜಾಗ ಖಾಲಿ ಇದ್ದದ್ದು ಪಾವಗಡದಲ್ಲಿ. ಅವರು ಬಸ್ಸು ಹತ್ತುವಾಗ ನಾನು ಅಳುತ್ತಿದ್ದೆ. "ಅಳಬ್ಯಾಡ ಕಣ್ಲಾ. ಜಾಗ ಬ್ಯಾರೆ ಅಷ್ಟೆ, ಆಕಾರ ಇದೇಯಾ" ಎಂದು ತಮ್ಮ ಹೊಟ್ಟೆ ತಟ್ಟಿಕೊಂಡರು. ಹೆಡ್‌ಮಾಸ್ಟರು ಅಷ್ಟರಲ್ಲಿ ಗೋಡೆಗೆ ಮತ್ತೆ ಸುಣ್ಣ ಹೊಡೆಸಿಯಾಗಿತ್ತು. ಮೇಷ್ಟ್ರು ಪಾವಗಡದಲ್ಲೇ ತೀರಿಕೊಂಡರೆಂದು ಎಷ್ಟೋ ವರ್ಷದ ಮೇಲೆ ಯಾರೋ ಹೇಳಿದರು...

ಮೊನ್ನೆ ಕೋಣೆಯಲ್ಲಿ ಯಾರೂ ಇಲ್ಲದಾಗ ಹಸಿ ಗೋಡೆಗೆ ಬೆನ್ನು ಕೊಟ್ಟು ನಿಂತೆ. ಕಲೆಯಾಗಲು ತಲೆಯಲ್ಲಿ ಎಣ್ಣೆಯೂ ಇಲ್ಲ, ಕೂದಲೂ ಇಲ್ಲ. ಸಾಲಿನಲ್ಲಿದ್ದವರೂ ಒಬ್ಬೊಬ್ಬರಾಗಿ ಹೋಗಿಬಿಟ್ಟರು. ಮೇಷ್ಟ್ರನ್ನು ನೆನೆದು ಸಂಕಟವಾಯಿತು. ಬಾಗಿಲ ಕಡೆ ನೋಡಿದೆ. ಯಾರೂ ಇರಲಿಲ್ಲ.

ಅವರು ಹೇಳಿದ್ದ ಹಾಗೆ ನೆಲದ ಮೇಲೆ ಕೂತುಕೊಂಡೆ.